ಬ್ಯಾನಿಶ್ಡ್: ಊಟ ಇದೆ, ಸೌದೆ ಇದೆ, ಆದ್ರೂ 13ನೇ ವರ್ಷಕ್ಕೆ ಊರು ಖಾಲಿ ಆಗ್ತಿದೆ. ಯಾಕೆ?

#1 ಗುಡ್ಡದಕೆಳಗೆ

ಎಲ್ರಿಗೂ ನಮಸ್ಕಾರ. ಇಲ್ಲಿ ಬ್ಯಾನಿಶ್ಡ್ (ಊರು ಕಟ್ಟಿ ಜನರನ್ನ ಉಳಿಸಿಕೊಳ್ಳೋ ಕಂಪ್ಯೂಟರ್ ಆಟ) ಆಡೋರು ಇದ್ದರೆ ಸ್ವಲ್ಪ ಲೆಕ್ಕ ಹೇಳಿಕೊಡಿ.

ಮೀಡಿಯಮ್ ಮಟ್ಟ, ಕಣಿವೆ ನಕ್ಷೆ, ಫೇರ್ ಹವಾಮಾನ, ಡಿಸಾಸ್ಟರ್ ಆಫ್. 8ನೇ ವರ್ಷದಲ್ಲಿ 71 ಜನ. ಈಗ 13ನೇ ವರ್ಷ, 52 ಜನ. ಕಣಜದಲ್ಲಿ ಊಟ 9,000 ಇದೆ, ಸೌದೆ 600 ಇದೆ, ಎಲ್ಲರ ಕೈಯಲ್ಲೂ ಉಪಕರಣ ಇದೆ, ಮೈಮೇಲೆ ಕೋಟು ಇದೆ. ಹಸಿವಿಗೆ ಒಬ್ಬರೂ ಸತ್ತಿಲ್ಲ, ಚಳಿಗೆ ಒಬ್ಬರೂ ಸತ್ತಿಲ್ಲ. ಬರೋ ಸಂದೇಶವೆಲ್ಲ ವಯಸ್ಸಾಗಿ ತೀರಿಕೊಂಡರು ಅಂತಲೇ. ಮರದ ಮನೆ 16, ಎಲ್ಲವೂ 4ನೇ ವರ್ಷದೊಳಗೇ ಮುಗಿದಿದ್ದವು.

ಜನ ಕಮ್ಮಿ ಆದಷ್ಟೂ ಹೊಲಕ್ಕೆ, ಕಾಡಿಗೆ ಕೈ ಸಾಲ್ತಿಲ್ಲ. ಎಲ್ಲಾ ಸರಿ ಇದ್ದೂ ಊರು ಯಾಕೆ ಕರಗುತ್ತೆ? ಇನ್ನೊಂದು ಪ್ರಶ್ನೆ: ಇಷ್ಟು ನಿಧಾನದ ಆಟ, ಶತ್ರು ಇಲ್ಲ, ಯುದ್ಧ ಇಲ್ಲ. ಅದರಲ್ಲಿ ಒಂದು ತಪ್ಪು ಐದಾರು ವರ್ಷ ಆದ ಮೇಲೆ ಬಂದು ಹೊಡೆಯೋದು ಸರಿನಾ? ನಿಮ್ಮ ಅಭಿಪ್ರಾಯ ಬೇಕು.

#2 ಹತ್ತುಪಟ್ಟು

10 ಪಟ್ಟು ವೇಗ ಹಾಕಿ ಆಡ್ತಿದ್ರೆ ಇದು ಕಣ್ಣಿಗೆ ಬೀಳಲ್ಲ ಗುರು. ಮಕ್ಕಳ ಸಂಖ್ಯೆ ಎಷ್ಟಿದೆ ಈಗ? ಮೊದಲು ಅದು ಹೇಳಿ.

#3 ಗುಡ್ಡದಕೆಳಗೆ

ಟೌನ್ ಹಾಲ್ ತೋರಿಸೋದು: ದೊಡ್ಡವರು 45, ವಿದ್ಯಾರ್ಥಿಗಳು 3, ಮಕ್ಕಳು 4.

#4 ಕಣಜ_ಕಾವಲು

ಹಾಗಿದ್ರೆ ಇದು ಊಟದ ಸಮಸ್ಯೆ ಅಲ್ಲವೇ ಅಲ್ಲ, ಮನೆಯ ಸಮಸ್ಯೆ. ಉತ್ತರ ನಿಮ್ಮ ಬರಹದಲ್ಲೇ ಇದೆ: 4ನೇ ವರ್ಷದೊಳಗೆ 16 ಮನೆ, ಆಮೇಲೆ ಒಂದೂ ಇಲ್ಲ.

ಈ ಆಟದಲ್ಲಿ ಋತು ಓಡೋ ವೇಗ ಬೇರೆ, ಜನರ ವಯಸ್ಸು ಓಡೋ ವೇಗ ಬೇರೆ. ಒಂದು ವರ್ಷ ಕಳೆದರೆ ಜನಕ್ಕೆ ಹೆಚ್ಚುಕಮ್ಮಿ 5 ವರ್ಷ ವಯಸ್ಸಾಗುತ್ತೆ. ಶುರುವಲ್ಲಿ 20 ಇದ್ದವನಿಗೆ ನಿಮ್ಮ 13ನೇ ವರ್ಷದಲ್ಲಿ 85. ಅಂದ್ರೆ ಊರು ಕಟ್ಟಿದ ಮೊದಲ ತಲೆಮಾರು ಪೂರ್ತಿ 10ರಿಂದ 14ನೇ ವರ್ಷದ ಒಳಗೆ ಸಾಲಾಗಿ ಹೋಗುತ್ತೆ. ಅದನ್ನ ತಡೆಯೋಕೆ ಯಾರಿಂದಲೂ ಆಗಲ್ಲ. ಆ ಜಾಗಕ್ಕೆ ಮಕ್ಕಳು ಬಂದಿದ್ದಾರಾ ಅನ್ನೋದಷ್ಟೇ ಪ್ರಶ್ನೆ.

ಮಕ್ಕಳು ಬರಬೇಕು ಅಂದ್ರೆ ಒಂದು ಗಂಡು ಒಂದು ಹೆಣ್ಣು ಬೇರೆ ಮನೆ ಹೂಡಬೇಕು. ಒಂದು ಮನೆಗೆ ಒಂದೇ ಸಂಸಾರ. ಅಪ್ಪ ಅಮ್ಮನ ಮನೆಯಲ್ಲೇ ಇರೋ 25 ವರ್ಷದ ಮಗ ಎಷ್ಟು ದುಡಿದರೂ ಆಟದ ಲೆಕ್ಕದಲ್ಲಿ ಅವನಿಗೆ ಸಂಸಾರ ಇಲ್ಲ. ಮರದ ಮನೆಯಲ್ಲಿ ಜಾಗ 5. ಅದು ತುಂಬಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಗು ಹುಟ್ಟಲ್ಲ. ತಾಯಿಗೆ 40 ದಾಟಿ ಸ್ವಲ್ಪ ಆದ ಮೇಲೆ ಜಾಗ ಇದ್ದರೂ ಹುಟ್ಟಲ್ಲ.

ಈಗ ನಿಮ್ಮ ಊರಿಗೆ ಇದನ್ನ ಕೂಡಿಸಿ ನೋಡಿ. 16 ಮನೆಗೆ ಹೋದ ಜೋಡಿಗಳು 7, 8ನೇ ವರ್ಷಕ್ಕೆ ಹೆರುವ ವಯಸ್ಸು ದಾಟಿದರು. ಅವರ ಮಕ್ಕಳು ಬೆಳೆದು ದೊಡ್ಡವರಾದರು, ಹೋಗೋಕೆ ಮನೆ ಇಲ್ಲ. 71 ಜನ ಅಂತ ಕಂಡಾಗ ಊರು ತುಂಬಿದ ಹಾಗಿತ್ತು, ಆದರೆ ಆಗಲೇ ತೊಟ್ಟಿಲು ನಿಂತಿತ್ತು. ಈಗ ಅಜ್ಜ ಅಜ್ಜಿ ಹೋಗಿ ಮನೆ ಬಿಡುವಾಗ್ತಿದೆ, ಆದರೆ ಒಳಗೆ ಹೋಗೋರಿಗೆ 35, 40. ಒಂದು ಮಗು ಆದರೆ ಹೆಚ್ಚು.

#5 ಕಡಲತಡಿ

ಕಾವಲು ಹೇಳಿದ್ದು ಪೂರ್ತಿ ಸರಿ ಉಂಟು. ಒಂದು ಸೇರಿಸ್ತೇನೆ. ಗಂಡನೋ ಹೆಂಡತಿಯೋ ತೀರಿಹೋದ ಮೇಲೆ ಉಳಿದ ಒಬ್ಬರು 5 ಜನರ ಮನೆಯಲ್ಲಿ ಒಬ್ಬರೇ ಇರ್ತಾರೆ. ಆಟ ಅವರನ್ನ ಎಬ್ಬಿಸುವುದಿಲ್ಲ. ಮನೆಗಳನ್ನ ಒಂದೊಂದೇ ಕ್ಲಿಕ್ ಮಾಡಿ ನೋಡಿ ಮಾರಾಯ್ರೆ, 16ರಲ್ಲಿ ನಾಲ್ಕೈದು ಹಾಗೆಯೇ ಇರ್ತದೆ. ಹಾಗಾಗಿ 16 ಮನೆ ಅಂದ್ರೆ 80 ಜಾಗ ಅಂತ ಲೆಕ್ಕ ಹಾಕುವುದೇ ತಪ್ಪು.

#6 ಗುಡ್ಡದಕೆಳಗೆ

ನೋಡ್ದೆ. ಒಬ್ಬೊಬ್ಬರೇ ಇರೋ ಮನೆ 5. ಹಾಗಾದ್ರೆ ಈಗ ಒಟ್ಟಿಗೆ 10 ಮನೆ ಕಟ್ಟಿಬಿಡಲಾ? ದಿಮ್ಮಿ ಇದೆ, ಕಲ್ಲೂ ಇದೆ.

#7 ಜ್ವಾಳದರೊಟ್ಟಿ

ಮಾಡಬ್ಯಾಡ್ರಿ! ಅದ ತಪ್ಪು ಮತ್ತ ಮಾಡಿದಂಗ ಆಕ್ಕೈತಿ. ಒಮ್ಮೆಲೆ 10 ಮನಿ ಕಟ್ಟಿದ್ರ 10 ಜೋಡಿ ಒಮ್ಮೆಲೆ ಹೊಕ್ಕಾವ, ಎರಡ ವರ್ಷದಾಗ 25, 30 ಕೂಸು ಹುಟ್ಟತಾವ. ಉಣ್ಣಾವ್ರು ಜಾಸ್ತಿ, ದುಡಿಯಾವ್ರು ಅಷ್ಟ. ಅವು ದೊಡ್ಡವಾದ ಮ್ಯಾಲೆ ಎಲ್ಲಾ ಒಂದ ವಯಸ್ಸಿನವು. ಮತ್ತ 13, 14 ವರ್ಷಕ್ಕ ಎಲ್ಲಾ ಒಮ್ಮೆಲೆ ಹೋಗತಾವ. ತೆರಿ ಏರಿದಂಗ ಇಳಿದಂಗ ನಡೀತೈತಿ, ಪ್ರತಿ ಸಲ ತೆರಿ ದೊಡ್ಡದಾಕ್ಕೋತ ಹೋಗತೈತಿ.

ಈಗ 4 ಮನಿ ಕಟ್ರಿ. ಒಂದ ವರ್ಷ ಬಿಟ್ಟ 2. ಆಮ್ಯಾಲೆ ವರ್ಷಕ್ಕ ಒಂದೋ ಎರಡೋ, ನಿಲ್ಲಸಬ್ಯಾಡ್ರಿ. ಒಂದ ಮರದ ಮನಿಗೆ 16 ದಿಮ್ಮಿ, 8 ಕಲ್ಲು. ಅದೇನ ದೊಡ್ಡ ಖರ್ಚಲ್ಲ.

#8 ಹತ್ತುಪಟ್ಟು

ಇಲ್ಲಿ ನಾನು ಒಪ್ಪಲ್ಲ ರೊಟ್ಟಿ ಅವರೇ. ಅವರ ಹತ್ರ 9,000 ಊಟ ಇದೆ, 52 ಬಾಯಿ. ದೊಡ್ಡವರು ವರ್ಷಕ್ಕೆ ತಲೆಗೆ 100ರ ಹತ್ರ ತಿಂತಾರೆ. ಏನೂ ಬೆಳೀದೆ ಇದ್ರೂ ಒಂದೂಮುಕ್ಕಾಲು ವರ್ಷ ಸಾಗುತ್ತೆ. ಇಷ್ಟು ದಾಸ್ತಾನು ಇರುವಾಗ 8 ಮನೆ ಧಾರಾಳವಾಗಿ ಕಟ್ಟಬಹುದು. ಈಗ ನಿಧಾನ ಮಾಡಿದ್ರೆ ಉಳಿದಿರೋ ಹೆಣ್ಣುಮಕ್ಕಳಿಗೂ ವಯಸ್ಸು ದಾಟುತ್ತೆ. ಆಮೇಲೆ ಮನೆ ಕಟ್ಟಿ ಏನು ಪ್ರಯೋಜನ?

#9 ಕಣಜ_ಕಾವಲು

ಹತ್ತುಪಟ್ಟು ಹೇಳೋದರಲ್ಲೂ ಹುರುಳಿದೆ. ಎಷ್ಟು ಮನೆ ಅನ್ನೋದನ್ನ ದಾಸ್ತಾನು ನೋಡಿ ತೀರ್ಮಾನ ಮಾಡಬೇಡಿ, ವಯಸ್ಸು ನೋಡಿ ಮಾಡಿ. ಮನೆ ಮನೆ ಕ್ಲಿಕ್ ಮಾಡಿ 16ರಿಂದ 35ರ ಒಳಗಿನ ಹೆಣ್ಣುಮಕ್ಕಳು ಎಷ್ಟು, ಅಪ್ಪ ಅಮ್ಮನ ಜೊತೆ ಇರೋರು ಎಷ್ಟು ಎಣಿಸಿ. ಅಷ್ಟೇ ಮನೆ. 45 ದೊಡ್ಡವರಲ್ಲಿ ಅಂಥವರು ಆರು ಏಳಕ್ಕಿಂತ ಹೆಚ್ಚು ಸಿಗಲಾರರು. ಅದಕ್ಕಿಂತ ಹೆಚ್ಚು ಮನೆ ಕಟ್ಟಿದ್ರೆ ಒಂಟಿ ಜನ ಹೋಗಿ ತುಂಬಿಕೊಳ್ತಾರೆ, ಒಬ್ಬೊಬ್ಬರಿಗೂ ಬೇರೆ ಒಲೆ, ಬೇರೆ ಸೌದೆ.

#10 ಜ್ವಾಳದರೊಟ್ಟಿ

ಹಾಂ, ಎಣಿಸಿ ಕಟ್ಟೋದು ಬರೋಬ್ಬರಿ ಐತಿ. ಒಪ್ಪಿದೆ.

#11 ಮೇಷ್ಟ್ರು_ಬೇಕು

ಇನ್ನೊಂದು ದಾರಿ ಇದೆ, ಯಾರೂ ಹೇಳಲಿಲ್ಲ. ಟೌನ್ ಹಾಲ್ ಇರೋದ್ರಿಂದ ಅಲೆಮಾರಿಗಳು ಬಂದು ಊರಿಗೆ ಸೇರಿಸಿಕೊಳ್ಳಿ ಅಂತ ಕೇಳ್ತಾರೆ. ಒಪ್ಪಿದ್ರೆ ಒಂದೇ ಸಲಕ್ಕೆ ಬೇರೆ ಬೇರೆ ವಯಸ್ಸಿನ ಜನ ಸಿಗ್ತಾರೆ, ನಿಮಗೆ ಬೇಕಾಗಿರೋದೂ ಅದೇ. ತೊಂದರೆ ಎರಡು. ಅವರು ಓದಿಲ್ಲದವರು, ಎಲ್ಲಾ ಕೆಲಸದಲ್ಲೂ ಉತ್ಪಾದನೆ ಕಮ್ಮಿ. ಮತ್ತೆ ರೋಗ ತರಬಹುದು, ಆಸ್ಪತ್ರೆ ಇಲ್ಲದೆ ಒಪ್ಪಬೇಡಿ. ಬಂದವರಿಗೆ ಕೋಟು, ಉಪಕರಣ, ಸೂರು ಎಲ್ಲಾ ಮೊದಲೇ ಇರಬೇಕು. ಒಂದು ಬೋರ್ಡಿಂಗ್ ಹೌಸ್ ಕಟ್ಟಿಟ್ಟರೆ ಮನೆ ಆಗೋವರೆಗೂ ಅಲ್ಲಿ ಇರ್ತಾರೆ.

#12 ಕಡಲತಡಿ

ಮೇಷ್ಟ್ರೆ, ಚಳಿಗಾಲ ಹತ್ತಿರ ಇರುವಾಗ ಒಪ್ಪಿಕೊಳ್ಳುವುದು ಬೇಡ ಅಂತಲೂ ಹೇಳಿ. ವಸಂತದಲ್ಲಿ ಬಂದರೆ ಸುಧಾರಿಸಬಹುದು.

#13 ಗುಡ್ಡದಕೆಳಗೆ

ಶಾಲೆ ಬಗ್ಗೆ ಕೇಳಬೇಕಿತ್ತು. 3 ವಿದ್ಯಾರ್ಥಿಗಳಿಗೆ ಒಬ್ಬ ಟೀಚರ್. ಕೈ ಸಾಲದೇ ಇರುವಾಗ ಶಾಲೆ ಮುಚ್ಚಿಬಿಡಲಾ?

#14 ಹತ್ತುಪಟ್ಟು

ಮುಚ್ಚಿ. ಶಾಲೆ ಇಲ್ದಿದ್ರೆ 10 ವರ್ಷಕ್ಕೇ ದೊಡ್ಡವರ ಲೆಕ್ಕಕ್ಕೆ ಬರ್ತಾರೆ. ಶಾಲೆ ಇದ್ರೆ 16, 17ರ ತನಕ ಕೈಗೆ ಸಿಗಲ್ಲ. ಊರು ಉಳಿದ ಮೇಲೆ ಓದಿಸಿದ್ರಾಯ್ತು.

#15 ಮೇಷ್ಟ್ರು_ಬೇಕು

ದಯವಿಟ್ಟು ಮುಚ್ಚಬೇಡಿ. ಲೆಕ್ಕ ಹೇಳ್ತೀನಿ. ಓದಿಲ್ಲದ ವುಡ್‌ಕಟರ್ ಒಂದು ದಿಮ್ಮಿಗೆ 3 ಸೌದೆ ಕೊಡ್ತಾನೆ, ಓದಿದವನು 4. ಬರೀ ಒಂದು ಶಾಲೆಯಿಂದ ಅದೇ ಕಾಡಲ್ಲಿ ಮೂರನೇ ಒಂದು ಭಾಗ ಹೆಚ್ಚು ಸೌದೆ. ಹೊಲ, ಕಾಡು, ಕಮ್ಮಾರಸಾಲೆ ಎಲ್ಲೆಡೆಯೂ ಓದಿದವರಿಂದ ಉತ್ಪನ್ನ ಜಾಸ್ತಿ. ಬಿಟ್ಟ 6, 7 ವರ್ಷ ವಯಸ್ಸು ಅಂದ್ರೆ ಆಟದಲ್ಲಿ ಒಂದೂಕಾಲು ಒಂದೂವರೆ ವರ್ಷ ಅಷ್ಟೇ. ಉಳಿದ 60 ವರ್ಷ ವಯಸ್ಸಿಗೆ ಲಾಭ.

ಮುಖ್ಯವಾದದ್ದು ಇನ್ನೊಂದು: ಟೀಚರ್‌ನ ತೆಗೆದರೆ ಆಗ ಓದ್ತಿದ್ದ ಮಕ್ಕಳೆಲ್ಲ ಅಲ್ಲೇ ಓದು ಬಿಟ್ಟು ಕೂಲಿಗೆ ಸೇರ್ತಾರೆ. ಆಮೇಲೆ ಟೀಚರ್ ಬಂದ್ರೂ ಅವರು ವಾಪಸ್ ಹೋಗಲ್ಲ, ಜೀವಮಾನ ಪೂರ್ತಿ ಓದಿಲ್ಲದವರೇ. ಇದು ಗೊತ್ತಿಲ್ದೆನೂ ಆಗುತ್ತೆ. ಟೀಚರ್ ವಯಸ್ಸಾಗಿ ಸತ್ತಾಗ ಲೇಬರರ್ (ಗೊತ್ತಾದ ಕಸುಬಿಲ್ಲದ ಕೂಲಿಯವರು) ಒಬ್ಬರೂ ಬಿಡುವಿಲ್ದೆ ಇದ್ರೆ ಆ ಜಾಗ ಖಾಲಿ ಉಳಿಯುತ್ತೆ. ಅದಕ್ಕೆ ಯಾವಾಗಲೂ ಎರಡು ಮೂರು ಜನರನ್ನ ಲೇಬರರ್ ಆಗೇ ಬಿಟ್ಟಿರಬೇಕು. ಒಂದು ಶಾಲೆಗೆ 20 ಮಕ್ಕಳು ಹಿಡಿಯುತ್ತೆ, ಎರಡನೇದಕ್ಕೆ ಆತುರ ಬೇಡ.

#16 ಹತ್ತುಪಟ್ಟು

3 ಮಕ್ಕಳಿಗೋಸ್ಕರ ಒಬ್ಬ ದೊಡ್ಡವನನ್ನ ಕಟ್ಟಿಹಾಕೋದು ನಷ್ಟವೇ. ಆದ್ರೆ ಓದು ಬಿಟ್ಟವರು ವಾಪಸ್ ಹೋಗಲ್ಲ ಅನ್ನೋದು ಗಟ್ಟಿ ಮಾತು. ಸರಿ, ಶಾಲೆ ಇರಲಿ.

#17 ಮಲೆಕಾಡು

ಕೈ ಸಾಲ್ತಿಲ್ಲ ಅಂದ್ರಲ್ಲ, ಕಾಡನ್ನ ಹೇಗೆ ಜೋಡಿಸಿದ್ದೀರಿ? ತುಂಬಾ ಜನ ಫಾರೆಸ್ಟರ್ ಲಾಡ್ಜ್ (ಮರ ನೆಟ್ಟು ಕಡಿಯೋರದ್ದು) ಒಂದು ಮೂಲೆ, ಗ್ಯಾದರರ್ ಹಟ್ (ಕಾಡಿನ ಊಟ ಆಯೋರದ್ದು) ಇನ್ನೊಂದು ಮೂಲೆ ಇಡ್ತಾರೆ. ಅರ್ಧ ದಿನ ನಡೆಯೋದರಲ್ಲೇ ಹೋಗುತ್ತೆ.

ಒಂದೇ ವೃತ್ತದಲ್ಲಿ (ಕಟ್ಟಡದ ಸುತ್ತ ಅದರ ಜನ ಕೆಲಸ ಮಾಡೋ ಜಾಗ) ನಾಲ್ಕನ್ನೂ ಕೂರಿಸಿ: ನಡುವೆ ಫಾರೆಸ್ಟರ್, ಅದಕ್ಕೆ ಅಂಟಿದ ಹಾಗೆ ಗ್ಯಾದರರ್, ಬೇಟೆಗಾರರ ಕ್ಯಾಬಿನ್, ಔಷಧಿ ಗಿಡ ತರೋ ಹರ್ಬಲಿಸ್ಟ್. ಪಕ್ಕದಲ್ಲೇ ಊಟ ಇಡೋಕೆ ಒಂದು ಬಾರ್ನ್, ದಿಮ್ಮಿ ಪೇರಿಸೋಕೆ ಒಂದು ಸಣ್ಣ ಸ್ಟಾಕ್‌ಪೈಲ್, ಎರಡು ಮೂರು ಮನೆ. ಫಾರೆಸ್ಟರ್‌ಗೆ 4 ಜನ, ಗ್ಯಾದರರ್‌ಗೆ 4, ಬೇಟೆಗೆ 3, ಹರ್ಬಲಿಸ್ಟ್‌ಗೆ 1 ಹಿಡಿಯುತ್ತೆ. ಆದರೆ ಫಾರೆಸ್ಟರ್‌ಗೆ 2, ಬೇಟೆಗೆ 1 ಅಥವಾ 2 ಇಟ್ಟರೂ ನಡೆಯುತ್ತೆ. ಗ್ಯಾದರರ್‌ಗೆ ಮಾತ್ರ 4 ಕೊಡಿ. ಕಾಡು ದಟ್ಟವಾಗಿದ್ರೆ ಆ ಒಂದು ಗುಡಿಸಲಿಂದಲೇ ವರ್ಷಕ್ಕೆ 3,000 ಆಸುಪಾಸು ಊಟ ಬರುತ್ತೆ: ಅಣಬೆ, ಕಾಡು ಹಣ್ಣು, ಈರುಳ್ಳಿ, ಗೆಡ್ಡೆ. ಬೀಜ ಬೇಡ, ಬರ ಇಲ್ಲ, ಹುಳ ಇಲ್ಲ.

ಕೆಡೋದು ಎಲ್ಲಿ ಅಂದ್ರೆ, ಅದೇ ವೃತ್ತದ ಒಳಗೆ ದಿಮ್ಮಿಗೆ ಅಂತ ಮರ ಕಡಿಯೋ ಗುರುತು ಎಳೀತಾರೆ. ಗ್ಯಾದರರ್‌ಗೂ ಹರ್ಬಲಿಸ್ಟ್‌ಗೂ ಬೇಕಾದ್ದು ಹಳೇ ಮರದ ಕೆಳಗೆ ಬೆಳೆಯೋದು. ಎಳೇ ಗಿಡದ ಕೆಳಗೆ ಸಿಗಲ್ಲ. ಆ ವೃತ್ತದಲ್ಲಿ ಹೊಲ, ಕಲ್ಲಿನ ರಸ್ತೆ, ಮಾರ್ಕೆಟ್ ಏನೂ ಹಾಕಬೇಡಿ.

#18 ಗುಡ್ಡದಕೆಳಗೆ

ಮಲೆಕಾಡು ಅವರೇ, ಫಾರೆಸ್ಟರೇ ಮರ ಕಡಿಯುತ್ತಾರಲ್ಲ? ಅವರಿಂದ ಹಳೇ ಮರ ಹೋಗಲ್ವಾ?

#19 ಮಲೆಕಾಡು

ಹೋಗುತ್ತೆ, ಆದರೆ ಅವರು ಬಲಿತ ಮರ ಮಾತ್ರ ಕಡಿದು ಹೊಸದು ನೆಡ್ತಾರೆ, ಹಾಗಾಗಿ ಕಾಡು ಉಳಿಯುತ್ತೆ. ಔಷಧಿ ಗಿಡ ಸಾಲದಿದ್ರೆ ಲಾಡ್ಜ್ ಮೇಲೆ ಕ್ಲಿಕ್ ಮಾಡಿ ಕಡಿಯೋದನ್ನ ಆಫ್ ಮಾಡಿ, ನೆಡೋದನ್ನ ಆನ್ ಬಿಡಿ. ಎರಡು ಮೂರು ವರ್ಷದಲ್ಲಿ ದಟ್ಟವಾಗುತ್ತೆ. ದಿಮ್ಮಿಗೆ ಬೇರೆ ಕಡೆ ಇನ್ನೊಂದು ಲಾಡ್ಜ್, ಅದಕ್ಕೆ 4 ಜನ.

#20 ಜ್ವಾಳದರೊಟ್ಟಿ

ಕಾಡು ಛಲೋ, ಆದ್ರ ಹೊಲಾನೂ ಬೇಕ್ರಿ. ಹೊಲ ಅಗದಿ ದೊಡ್ಡದಂದ್ರ 15ಕ್ಕ 15, ಅದಕ್ಕ 4 ಮಂದಿ. ಆದ್ರ ಮಂದಿ ಕಡಿಮಿ ಇದ್ದಾಗ ದೊಡ್ಡ ಹೊಲ ಹಾಕಿದ್ರ ಬಿತ್ತೂದು ತಡಾ ಆಗಿ ರಾಶಿ ಮಾಡೂದ್ರಾಗ ಹಿಮ ಬೀಳತೈತಿ, ನಿಂತ ಪೀಕ ಎಲ್ಲಾ ಸಾಯತೈತಿ. ಶರತ್ಕಾಲ ಶುರುವಾದ ಕೂಡಲೇ ಹೊಲದ ಮ್ಯಾಲೆ ಕ್ಲಿಕ್ ಮಾಡಿ ಕೊಯ್ಲು ಬಟನ್ ಒತ್ರಿ. ಪೂರಾ ಬಲಿತಿಲ್ಲ ಅಂತ ಕಾಯಬ್ಯಾಡ್ರಿ. ನೂರಕ್ಕ ನೂರು ಬರೂದಿಲ್ಲ, ಆದ್ರ ಬಂದದ್ದು ಕಣಜಕ್ಕ ಹೋಗತೈತಿ.

ಇನ್ನ, ಬಾಜೂಬಾಜು ಹೊಲಕ್ಕ ಒಂದ ಬೆಳಿ ಹಾಕಬ್ಯಾಡ್ರಿ. ನಿಮಗ ಡಿಸಾಸ್ಟರ್ ಆಫ್ ಐತಿ ಅಂದ್ರ ನಡೀತೈತಿ, ಆನ್ ಇದ್ದವ್ರಿಗೆ ಹುಳದ ಕಾಟ ಒಂದ ಹೊಲದಿಂದ ಇನ್ನೊಂದಕ್ಕ ಹಬ್ಬತೈತಿ. ಬೀನ್ಸ್, ಗೋಧಿ, ಬೀನ್ಸ್, ಗೋಧಿ ಹಿಂಗ ಹಾಕ್ರಿ.

ಚಳಿಗಾಲಕ್ಕ ರೈತರು ಖಾಲಿ ಕುಂದ್ರೂದಿಲ್ಲ, ಲೇಬರರ್ ಕೆಲಸ ಮಾಡತಾರ. ಕಲ್ಲು ಎತ್ತೂದು, ಮನಿಗೆ ಸಾಮಾನ ಹೊರೂದು ಆಗ ಇಟಗೋರಿ.

#21 ಕಡಲತಡಿ

ಚಳಿಗಾಲಕ್ಕೆ ಇಡಿ, ಆದ್ರೆ ದೂರದ್ದು ಇಡಬೇಡಿ! ಗುಡ್ಡದ ಆಚೆ ಕಬ್ಬಿಣ ಗುರುತು ಮಾಡಿ ಬಿಟ್ಟರೆ ಹರಕು ಕೋಟಿನವರು ಅಲ್ಲಿಗೆ ನಡೆದು ಹೋಗಿ ವಾಪಸ್ ಬೆಚ್ಚಗಾಗಲಿಕ್ಕೆ ಮನೆ ಸಿಗದೆ ಹೆಪ್ಪುಗಟ್ಟಿ ಸಾಯ್ತಾರೆ. ಚಳಿಗಾಲದಲ್ಲಿ ಕೆಲಸ ಎಲ್ಲ ಮನೆಯ ಹತ್ತಿರ. ಚರ್ಮದ ಕೋಟಿಗಿಂತ, ಚರ್ಮ ಉಣ್ಣೆ ಎರಡೂ ಹಾಕಿ ಹೊಲಿದ ಕೋಟಲ್ಲಿ ಹೆಚ್ಚು ಹೊತ್ತು ಹೊರಗೆ ನಿಲ್ತಾರೆ.

#22 ದೋಣಿ_ವ್ಯಾಪಾರಿ

ಗುಡ್ಡದಕೆಳಗೆ, ನಿಮ್ಮ ಹತ್ರ ಟ್ರೇಡಿಂಗ್ ಪೋಸ್ಟ್ (ದೋಣಿಯವರ ಜೊತೆ ವ್ಯಾಪಾರ ಮಾಡೋ ಕಟ್ಟಡ) ಇದ್ಯಾ? ಇಲ್ಲಾಂದ್ರೆ ಮನೆ ಆದ ಮೇಲೆ ಮೊದಲ ಕೆಲಸ ಅದು. ಕೆರೆ ದಂಡೆಯಲ್ಲಿ ಕಟ್ಟಬೇಡಿ, ನಕ್ಷೆಯ ಅಂಚಿಂದ ಹರಿದು ಬರೋ ದೊಡ್ಡ ಹೊಳೆಯಲ್ಲೇ ಇರಬೇಕು. ಇಲ್ಲಾಂದ್ರೆ ದೋಣಿ ಬರಲ್ಲ.

ಮಾರೋಕೆ ಸೌದೆಯಷ್ಟು ಒಳ್ಳೇ ಸರಕು ಇನ್ನೊಂದಿಲ್ಲ. ದಿಮ್ಮಿಗೆ ಬೆಲೆ 2, ಸೌದೆಗೆ 4. ಓದಿದ ವುಡ್‌ಕಟರ್ ಇದ್ರೆ 2 ಬೆಲೆಯ ಒಂದು ದಿಮ್ಮಿ 16 ಬೆಲೆಯ ಸೌದೆ ಆಗುತ್ತೆ. ಒಂದು ಬೆಳೆಯ ಬೀಜಕ್ಕೆ 2,500 ಕೇಳ್ತಾರೆ. ಅಂದ್ರೆ 625 ಸೌದೆ, 157 ದಿಮ್ಮಿ. ಒಬ್ಬ ವುಡ್‌ಕಟರ್, ನಾಲ್ಕು ಫಾರೆಸ್ಟರ್ ಮಾಡೋ ಕೆಲಸ. ಎಲ್ಲಾ ದೋಣಿಯವರೂ ಎಲ್ಲಾ ಸರಕು ತಗೊಳ್ಳಲ್ಲ, ಆದ್ದರಿಂದ ಪೋಸ್ಟಲ್ಲಿ ಸೌದೆ ಜೊತೆ ಸ್ವಲ್ಪ ಕೋಟು, ಸ್ವಲ್ಪ ಔಷಧಿ ಗಿಡವನ್ನೂ ಇಟ್ಟಿರಿ.

ಬೇಕಾದ್ದನ್ನ ಮುಂಚೆ ಹೇಳಿ ತರಿಸಿದ್ರೆ ಬೆಲೆ ಜಾಸ್ತಿ. ಬೀಜಕ್ಕೆ ಹೇಳಿ ತರಿಸೋದು ಬೇಡ, ಕುರಿ ಕೋಳಿಗೆ ಪರವಾಗಿಲ್ಲ.

#23 ಹತ್ತುಪಟ್ಟು

ದೋಣಿಯವರೇ, ಕಲ್ಲು ಕಬ್ಬಿಣವನ್ನೂ ಕೊಳ್ಳಬೇಕು ಅಂತೀರಾ ಅಥವಾ ಕ್ವಾರಿ, ಗಣಿ ತೆಗೀಬೇಕಾ?

#24 ದೋಣಿ_ವ್ಯಾಪಾರಿ

ಕೊಳ್ಳಿ. ಕ್ವಾರಿ ಒಮ್ಮೆ ತೋಡಿದ್ರೆ ಆ ಹೊಂಡ ತೆಗೆಯೋಕೇ ಆಗಲ್ಲ. ಕಲ್ಲು ಮುಗಿದ ಮೇಲೂ ಅಷ್ಟು ನೆಲ ಶಾಶ್ವತವಾಗಿ ಹೋಯ್ತು. ಅದಕ್ಕೆ 15 ಜನ, ಗಣಿಗೆ 30 ಜನ ಹಿಡಿಸುತ್ತೆ, ಅಪಘಾತದಲ್ಲಿ ಸಾಯ್ತಾರೆ ಬೇರೆ. 52 ಜನರ ಊರಿಗೆ ಅದು ಯಾಕೆ? ನೆಲದ ಮೇಲೆ ಬಿದ್ದಿರೋ ಕಲ್ಲು, ಕಬ್ಬಿಣ ಮತ್ತೆ ಹುಟ್ಟಲ್ಲ ನಿಜ, ಆದರೆ ಅದು ಮುಗಿಯೋ ಹೊತ್ತಿಗೆ ಸೌದೆ ವ್ಯಾಪಾರ ಚೆನ್ನಾಗಿ ನಡೀತಿರುತ್ತೆ.

#25 ಮಲೆಕಾಡು

ಕಲ್ಲಿದ್ದಲ ಬಗ್ಗೆ ಒಂದು ಎಚ್ಚರಿಕೆ. ಒಂದು ದಿಮ್ಮಿ, ಒಂದು ಕಬ್ಬಿಣಕ್ಕೆ ಸಾದಾ ಉಪಕರಣ ಬರುತ್ತೆ. ಅದಕ್ಕೆ ಒಂದು ಕಲ್ಲಿದ್ದಲು ಸೇರಿಸಿದ್ರೆ ಉಕ್ಕಿನದು, ಹೆಚ್ಚು ಕಾಲ ಬಾಳುತ್ತೆ. ಆದರೆ ಜನ ಕಲ್ಲಿದ್ದಲನ್ನ ಮನೆಗೂ ಒಯ್ದು ಒಲೆಗೆ ಹಾಕ್ತಾರೆ. ಉಕ್ಕಿಗೆ ಅಂತ ಕೊಂಡದ್ದು ಹೊಗೆ ಆಗುತ್ತೆ. ಸೌದೆ ಸಾಕಷ್ಟು ಇಲ್ಲದೆ ಕಲ್ಲಿದ್ದಲು ತರಿಸಬೇಡಿ.

#26 ಗುಡ್ಡದಕೆಳಗೆ

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಎಣಿಸಿದೆ: ಆ ವಯಸ್ಸಿನ ಹೆಣ್ಣುಮಕ್ಕಳು 6. ಒಂಟಿ ಅಜ್ಜ ಅಜ್ಜಿಯರ ಮನೆ ಖಾಲಿ ಆಗ್ತಾ ಇರೋದ್ರಿಂದ ಈಗ 4 ಹೊಸ ಮನೆ ಹಾಕ್ತೀನಿ. ನನ್ನ ಎರಡನೇ ಪ್ರಶ್ನೆಗೆ ಯಾರೂ ಬಾಯಿ ಬಿಡಲಿಲ್ಲ. ಆಟ ಇಷ್ಟು ತಡವಾಗಿ ಶಿಕ್ಷೆ ಕೊಡೋದು ಸರಿನಾ?

#27 ಹತ್ತುಪಟ್ಟು

ಸರಿಯಿಲ್ಲ ಅನ್ನೋದು ನನ್ನ ಮಾತು. ಹಸಿವು ಬಂದ್ರೆ ತೋರಿಸುತ್ತೆ, ಚಳಿ ಬಂದ್ರೆ ತೋರಿಸುತ್ತೆ. ತೊಟ್ಟಿಲು ನಿಂತಿದ್ದು ತೋರಿಸಲ್ಲ. ಟೌನ್ ಹಾಲ್ ಕಟ್ಟಿ ಗ್ರಾಫ್ ಬಿಡಿಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತೆ. ಹೊಸಬರಿಗೆ ಇದು ಅನ್ಯಾಯ. ಮತ್ತೆ 200 ಜನ ದಾಟಿದ ಮೇಲೆ ಹೊಸದೇನೂ ಇಲ್ಲ. ಅದೇ ಮನೆ, ಅದೇ ಹೊಲ, ಅದೇ ವೃತ್ತ. ಬೇರೆ ಆಟಗಳಲ್ಲಿ ಒಂದಾದ ಮೇಲೆ ಒಂದು ಹೊಸ ಕಟ್ಟಡ ತೆರ್ಕೊಳ್ಳುತ್ತೆ, ಇಲ್ಲಿ ಮೊದಲ ದಿನವೇ ಎಲ್ಲಾ ಪಟ್ಟಿಯಲ್ಲಿದೆ.

#28 ಕಣಜ_ಕಾವಲು

ಮೊದಲ ದಿನವೇ ಎಲ್ಲಾ ಪಟ್ಟಿಯಲ್ಲಿರೋದೇ ಈ ಆಟದ ದೊಡ್ಡತನ ಅಂತ ನಾನು ಹೇಳ್ತೀನಿ. ಬೀಗ ಹಾಕಿಟ್ಟು ನಿಮ್ಮನ್ನ ಕಾಯಿಸೋದಿಲ್ಲ. ಕಾಯಬೇಕಾಗಿರೋದು ಮರ ಬೆಳೆಯೋಕೆ, ಮಗು ಬೆಳೆಯೋಕೆ, ತೋಟ ಫಲ ಕೊಡೋಕೆ. ಹಣ್ಣಿನ ತೋಟ ಹಾಕಿದ್ರೆ ಮೂರು ವರ್ಷ ಸುಮ್ಮನೆ ನೀರು ಕುಡಿಯುತ್ತೆ, ಕೊಡೋದೇನಿಲ್ಲ. ಆ ಮೂರು ವರ್ಷಕ್ಕೆ ಊಟ ಬೇರೆ ಕಡೆಯಿಂದ ಹೊಂದಿಸಿರಬೇಕು. ಇದು ಆಟಗಾರನ ತಲೆಯಲ್ಲಿರೋ ಲೆಕ್ಕ, ಆಟ ಹೇಳಿಕೊಡೋದಲ್ಲ.

ತಡವಾಗಿ ಬಂದು ಹೊಡೆಯುತ್ತೆ ಅನ್ನೋದು ನಿಜ. ಆದರೆ ಅದು ಮೋಸ ಅಲ್ಲ. ಐದು ವರ್ಷ ಮನೆ ಕಟ್ಟದಿದ್ದರ ಫಲ ಐದು ವರ್ಷ ಆದ ಮೇಲೇ ಬರಬೇಕು, ಮಾರನೇ ದಿನ ಬಂದ್ರೆ ಅದು ಊರಿನ ಲೆಕ್ಕ ಆಗಲ್ಲ. ಇದನ್ನ ಲೂಕ್ ಹೊಡೊರೊವಿಕ್ಸ್ ಅನ್ನೋ ಒಬ್ಬರೇ ಕೂತು ಮಾಡಿದ್ದು, 2014ರ ಫೆಬ್ರವರಿಯಲ್ಲಿ ಬಂತು. ಎಂಜಿನ್‌ನೂ ಅವರದೇ. ಒಬ್ಬ ಮನುಷ್ಯ ಒಂದು ಊರಿನ ಹುಟ್ಟು ಸಾವು ಇಷ್ಟು ಒಪ್ಪವಾಗಿ ಕೂಡಿಸಿದ್ದಾರೆ ಅನ್ನೋದು ಸಣ್ಣ ಮಾತಲ್ಲ.

ಎಚ್ಚರಿಕೆ ಇನ್ನೂ ಸ್ಪಷ್ಟವಾಗಿ ಇರಬೇಕಿತ್ತು ಅನ್ನೋದನ್ನ ಒಪ್ತೀನಿ. ಟೌನ್ ಹಾಲ್ ಗ್ರಾಫ್ ಮೊದಲಿಂದಲೇ ಸಿಗಬೇಕಿತ್ತು.

#29 ಕಡಲತಡಿ

ಹತ್ತುಪಟ್ಟಿನವರಿಗೆ ಹೊಸದು ಬೇಕಿದ್ದರೆ ಕಲೋನಿಯಲ್ ಚಾರ್ಟರ್ ಅನ್ನುವ ಮಾಡ್ (ಆಟಗಾರರು ಮಾಡಿದ ಸೇರ್ಪಡೆ) ಹಾಕಿಕೊಳ್ಳಲಿ. ಬೆಳೆ, ಕಸುಬು, ಕಟ್ಟಡ ಎಲ್ಲ ಬೇಕಾದಷ್ಟು ಉಂಟು. ಆದ್ರೆ ಮೂಲ ಆಟದ ಲೆಕ್ಕ ಗಟ್ಟಿಯಾಗದೆ ಅದಕ್ಕೆ ಕೈ ಹಾಕಬೇಡಿ, ಪಟ್ಟಿ ನೋಡಿಯೇ ತಲೆ ತಿರುಗ್ತದೆ.

#30 ಮೇಷ್ಟ್ರು_ಬೇಕು

ನಿಧಾನದ ಆಟ ಬೇಕು, ಆದರೆ ಇನ್ನೊಂದಿಷ್ಟು ಆಳ ಬೇಕು ಅನ್ನೋರಿಗೆ ಫಾರ್ದೆಸ್ಟ್ ಫ್ರಂಟಿಯರ್ ನೋಡಿ. ಅಲ್ಲಿ ಮಣ್ಣಿನ ಸಾರ ಇದೆ, ಬೆಳೆ ಬದಲಾಯಿಸಬೇಕು, ದಾಳಿಕೋರರೂ ಬರ್ತಾರೆ. ಮೇನರ್ ಲಾರ್ಡ್ಸ್ 2024ರ ಏಪ್ರಿಲ್‌ನಲ್ಲಿ ಬಂತು, ಅದರಲ್ಲಿ ಯುದ್ಧವೂ ಇದೆ, ಹೊಲ ಎಳೆಯೋ ರೀತಿ ಬಹಳ ಚಂದ. ಟಿಂಬರ್‌ಬಾರ್ನ್‌ನಲ್ಲಿ ಮನುಷ್ಯರೇ ಇಲ್ಲ, ಬೀವರ್‌ಗಳು. ಬರಗಾಲಕ್ಕೆ ಮುಂಚೆ ಅಣೆಕಟ್ಟು ಹಾಕಿ ನೀರು ಹಿಡಿಯಬೇಕು.

#31 ಮಲೆಕಾಡು

ಟಿಂಬರ್‌ಬಾರ್ನ್ ನೋಡಿದಾಗಲೆಲ್ಲ ಅನ್ನಿಸೋದು: ನಮ್ಮ ಕೆರೆ ಊರುಗಳ ಲೆಕ್ಕ ಇಟ್ಟು ಇಂಥ ಆಟ ಒಂದು ಬರಬೇಕು. ಮುಂಗಾರಿಗೆ ಕೆರೆ ತುಂಬಬೇಕು, ಕೋಡಿ ಬೀಳಬೇಕು, ತೂಬು ಎಷ್ಟು ದಿನ ಎತ್ತಬೇಕು ಅಂತ ನೀರುಗಂಟಿ ತೀರ್ಮಾನ ಮಾಡಬೇಕು. ಹೂಳು ಎತ್ತದೆ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಕೆರೆಯಲ್ಲಿ ಹಿಡಿಯೋ ನೀರು ಕಮ್ಮಿ ಆಗಬೇಕು. ಬ್ಯಾನಿಶ್ಡ್‌ನಲ್ಲಿ ಚಳಿ ಮಾಡೋ ಕೆಲಸವನ್ನ ಅಲ್ಲಿ ಬೇಸಿಗೆ ಮಾಡುತ್ತೆ.

#32 ಜ್ವಾಳದರೊಟ್ಟಿ

ಬರೇ ಮುಂಗಾರು ಅಂದ್ರ ಆಗೂದಿಲ್ಲರಿ, ಹಿಂಗಾರೂ ಬೇಕು! ಎರೀ ಹೊಲದಾಗ ಬಿಳಿಜೋಳ ಬಿತ್ತೂದು ಮಳಿಗಾಲ ಮುಗಿಯಾಕ ಬಂದಾಗ. ನೆಲದಾಗ ಉಳದ ಹಸಿ ಮ್ಯಾಲ ಬೆಳೀತೈತಿ. ಕೆಂಪು ಮಣ್ಣಿಗೆ ಒಂದ ಲೆಕ್ಕ, ಎರೀ ಮಣ್ಣಿಗೆ ಒಂದ ಲೆಕ್ಕ ಇಡಬೇಕು ಆಟದಾಗ.

#33 ಕಡಲತಡಿ

ಕರಾವಳಿಗೆ ಬಂದರೆ ಕೆರೆ ಅಲ್ಲ, ಗದ್ದೆಗೆ ಉಪ್ಪುನೀರು ಬಾರದ ಹಾಗೆ ಕಟ್ಟ ಕಟ್ಟುವ ಲೆಕ್ಕ ಬೇಕು. ಅಡಿಕೆ ತೋಟಕ್ಕೆ ಸೊಪ್ಪು ತರುವ ಗುಡ್ಡ ಬೇಕು. ಯಾರಾದರೂ ಮಾಡಲಿ, ನಾವು ಆಡ್ತೇವೆ.

#34 ಹತ್ತುಪಟ್ಟು

ಇದಕ್ಕೆ ಬೇರೆ ಎಳೆ ತೆಗೀರಿ, ಚೆನ್ನಾಗಿದೆ ವಿಷಯ. ಬ್ಯಾನಿಶ್ಡ್ ಮಾಡ್ ಆಗಿ ಮಾಡೋಕೆ ಆಗಲ್ವಾ?

#35 ಮಲೆಕಾಡು

ಬೆಳೆ, ಮನೆಯ ರೂಪ, ಕಸುಬು ಇಷ್ಟು ಮಾಡ್‌ನಲ್ಲಿ ಆಗುತ್ತೆ. ಏರಿ ಇಳಿಯೋ ನೀರು ಆಗಲ್ಲ, ಆ ಎಂಜಿನ್‌ನಲ್ಲಿ ಹೊಳೆ ಕೆರೆ ಎರಡೂ ನಕ್ಷೆಯ ಭಾಗ ಅಷ್ಟೇ. ಕೆರೆ ತುಂಬದೆ ಕೆರೆ ಊರು ಹೇಗೆ?

#36 ಗುಡ್ಡದಕೆಳಗೆ

ಮತ್ತೆ ಊರಿಗೆ ಬರೋಣ. 4 ಮನೆ ಗುರುತು ಹಾಕಿದ್ದೀನಿ, ಬಿಲ್ಡರ್ 3 ಜನ ಇಟ್ಟಿದ್ದೀನಿ, ಆದರೆ ಸಾಮಾನು ನಿಧಾನವಾಗಿ ಬರ್ತಿದೆ. ದಿಮ್ಮಿ ಸ್ಟಾಕ್‌ಪೈಲಲ್ಲಿ ಬೇಕಾದಷ್ಟಿದೆ. ಬಿಲ್ಡರ್ 6 ಮಾಡಲಾ?

#37 ಕಣಜ_ಕಾವಲು

ಬೇಡ. ಸಾಮಾನು ಹೊರೋರು ಹೆಚ್ಚಾಗಿ ಲೇಬರರ್‌ಗಳು. ಬಿಲ್ಡರ್‌ನ ಹೆಚ್ಚು ಮಾಡಿದ್ರೆ ಹೊರೋರು ಕಮ್ಮಿ ಆಗಿ, ಕಟ್ಟೋರು ಸುಮ್ಮನೆ ನಿಲ್ತಾರೆ. ಬಿಲ್ಡರ್ 2 ಮಾಡಿ, ಒಬ್ಬನನ್ನ ಲೇಬರರ್‌ಗೆ ಬಿಡಿ. ನಾಲ್ಕೂ ಮನೆ ಒಟ್ಟಿಗೆ ನಡೆಸಬೇಡಿ. ಮೂರನ್ನ ಪಾಜ್ ಒತ್ತಿ ನಿಲ್ಲಿಸಿ ಒಂದೊಂದೇ ಮುಗಿಸಿ. ಒಂದೊಂದಾಗಿ ಮುಗಿದರೆ ಜೋಡಿಗಳೂ ಒಂದೊಂದಾಗಿ ಒಳಗೆ ಹೋಗ್ತವೆ, ಮಕ್ಕಳ ವಯಸ್ಸೂ ಹಿಂದೆ ಮುಂದೆ ಆಗುತ್ತೆ. ರೊಟ್ಟಿಯವರು ಹೇಳಿದ ತೆರೆ ತಗ್ಗೋದು ಹಾಗೆ.

ಮನೆ ಎಲ್ಲಿ ಹಾಕಿದ್ದೀರಿ ನೋಡ್ಕೊಳ್ಳಿ. ಬಾರ್ನ್‌ಗೋ ಮಾರ್ಕೆಟ್‌ಗೋ ಹತ್ರ ಇರಬೇಕು. ದುಡಿಯೋ ಹೊತ್ತಲ್ಲಿ ಮನೆಗೆ ಊಟ ತುಂಬೋಕೆ ನಡೆದು ಹೋಗೋ ಹೆಜ್ಜೆಯೇ ಈ ಆಟದಲ್ಲಿ ದೊಡ್ಡ ಖರ್ಚು. ಮಣ್ಣಿನ ರಸ್ತೆಗೆ ಸಾಮಾನೇನೂ ಬೇಡ, ಮನೆಯಿಂದ ಕೆಲಸದ ಜಾಗಕ್ಕೆ ನೇರ ಎಳೆದುಬಿಡಿ.

#38 ಗುಡ್ಡದಕೆಳಗೆ

ಒಂದೊಂದೇ ಮಾಡ್ತಿದ್ದೀನಿ, ಈಗ ಬೇಗ ಆಗ್ತಿದೆ. ಕೊನೇ ಪ್ರಶ್ನೆ. ವುಡ್‌ಕಟರ್ ಇದ್ದಕ್ಕಿದ್ದ ಹಾಗೆ ಕೆಲಸ ನಿಲ್ಲಿಸಿದ್ದಾನೆ. ದಿಮ್ಮಿ ಇದೆ, ಉಪಕರಣ ಇದೆ, ಮನೆ ಪಕ್ಕದಲ್ಲೇ ಇದೆ.

#39 ದೋಣಿ_ವ್ಯಾಪಾರಿ

ಸೌದೆಯ ಮಿತಿ ಮುಟ್ಟಿದೆ. ಮಿತಿಯ ಕಿಟಕಿ ತೆರೆದು ಸೌದೆ ಎಷ್ಟಕ್ಕೆ ನಿಂತಿದೆ ನೋಡಿ, 600 ಇರಬೇಕು. ಮಿತಿ ಮುಟ್ಟಿದ ಕೂಡಲೇ ಅವನು ಒಡೆಯೋದು ಬಿಟ್ಟು ಲೇಬರರ್ ಕೆಲಸಕ್ಕೆ ಹೋಗ್ತಾನೆ. ಟ್ರೇಡಿಂಗ್ ಪೋಸ್ಟ್ ಕಟ್ಟೋದಾದ್ರೆ 2,000 ಮಾಡಿ.

#40 ಗುಡ್ಡದಕೆಳಗೆ

600ಕ್ಕೇ ನಿಂತಿತ್ತು! ದಿಮ್ಮಿಯ ಮಿತಿಯನ್ನೂ ಏರಿಸಬೇಕಾ?

#41 ಮಲೆಕಾಡು

ಹೌದು, ಆದ್ರೆ ಮೊದಲು ಸ್ಟಾಕ್‌ಪೈಲ್‌ನಲ್ಲಿ ಜಾಗ ನೋಡಿ. ಜಾಗ ಇಲ್ಲದೆ ಮಿತಿ ಮಾತ್ರ ಏರಿಸಿದ್ರೆ ಫಾರೆಸ್ಟರ್‌ಗಳು ಕಡಿದ ದಿಮ್ಮಿ ಕಾಡಲ್ಲೇ ಬಿದ್ದಿರುತ್ತೆ. ವುಡ್‌ಕಟರ್ ಪಕ್ಕಕ್ಕೆ ಇನ್ನೊಂದು ಸ್ಟಾಕ್‌ಪೈಲ್ ಹಾಕಿ, ಖರ್ಚಿಲ್ಲ. ಆಮೇಲೆ ಏರಿಸಿ.